ಇಟಾಲಿಯನ್ ಕ್ರಿಯಾಪದ: ಒತ್ತು ಎಲ್ಲಿ ಹಾಕಬೇಕು?

ಇಟಾಲಿಯನ್ ಕಲಿಯಲು ಕೂತವರಿಗೆ ಮೊದಲು ಸಿಗುವ ನಿಯಮ: ಕೊನೆಯಿಂದ 2ನೇ ಸಿಲಬಲ್ (ಉಚ್ಚಾರದ ತುಂಡು) ಮೇಲೆ ಒತ್ತು ಹಾಕಿ, ಅಂದರೆ ಅದನ್ನು ಜೋರಾಗಿ ಹೇಳಿ. ಹೆಚ್ಚಿನ ಪದಗಳಿಗೆ ಇದು ಸರಿಯೇ. ಕ್ರಿಯಾಪದಕ್ಕೆ ಬಂದಾಗ ಕೈಕೊಡುತ್ತದೆ. ‘ಅವರು ಮಾತಾಡುತ್ತಾರೆ’ ಅನ್ನಲು ‘ಪರ್ಲಾನೊ’ ಅಂದರೆ ತಪ್ಪು. ಅದು ಪರ್-ಲ-ನೊ, ಒತ್ತು ‘ಪರ್’ ಮೇಲೆ.

ಮೊದಲು ಪದವನ್ನು ಒಡೆಯಿರಿ. ‘ಪರ್ಲೊ’ ಎಂದು ಕನ್ನಡದಲ್ಲಿ ಬರೆದರೆ ರ, ಲ ಒಂದೇ ಅಕ್ಷರವಾಗಿ ಕಾಣುತ್ತವೆ. ಇಟಾಲಿಯನ್‌ನಲ್ಲಿ ಹಾಗಲ್ಲ. ಇನ್ನೊಂದು ವ್ಯಂಜನದ ಮೊದಲು ಬಂದ ರ್, ಲ್, ಮ್, ನ್ ಹಿಂದಿನ ತುಂಡಿಗೆ ಸೇರುತ್ತವೆ: ಪರ್-ಲೊ, ಕನ್-ತೊ. ಒಂದೇ ವ್ಯಂಜನ ಜೋಡಿಯಾಗಿ ಬಂದರೆ ನಡುವೆ ಒಡೆಯಿರಿ: ಮೆತ್-ತೊ (ಇಡುತ್ತೇನೆ). ಅಪ್ಪ, ಕತ್ತೆ ಅನ್ನುವ ನಮಗೆ ಇದು ಸಲೀಸು. ಆದರೆ ‘ಸ್’ ಮುಂದಿನ ತುಂಡಿಗೆ ಹೋಗುತ್ತದೆ: ಅ-ಸ್ಪೆತ್-ತೊ (ಕಾಯುತ್ತೇನೆ).

ಈಗ ವರ್ತಮಾನ ಕಾಲ. ನಾನು, ನೀನು, ಅವನು, ಅವರು: ಈ ನಾಲ್ಕರಲ್ಲಿ ಹೆಚ್ಚಾಗಿ ಒತ್ತು ಧಾತುವಿನ ಮೇಲೆ. ನಾವು, ನೀವು ಬಂದಾಗ ಮಾತ್ರ ಪ್ರತ್ಯಯಕ್ಕೆ ಜಾರುತ್ತದೆ: ಪರ್-ಲ್ಯಾ-ಮೊ, ಪರ್-ಲಾ-ತೆ. ಮೂಲರೂಪ ‘ಆರೆ’ ಎಂದು ಮುಗಿಯುವ ಕ್ರಿಯಾಪದಕ್ಕೆ ‘ಅವರು’ ರೂಪ ಬೇಕಾದರೆ ‘ಅವನು’ ರೂಪಕ್ಕೆ ‘ನೊ’ ಸೇರಿಸಿ, ಒತ್ತನ್ನು ಮುಟ್ಟಬೇಡಿ. ‘ಅಬಿತ’ (ವಾಸಿಸುತ್ತಾನೆ) ಪದದಲ್ಲಿ ಒತ್ತು ಮೊದಲ ‘ಅ’ ಮೇಲಿದೆ. ಹಾಗಾಗಿ ಅ-ಬಿ-ತ-ನೊ ಎಂಬಲ್ಲೂ ಅಲ್ಲೇ, ಅಂದರೆ ಕೊನೆಯಿಂದ 4ನೇ ಜಾಗ! ಭೂತಕಾಲದ ಪರ್ಲಾವ, ಪರ್ಲಾವನೊ ಜೋಡಿಯೂ ಹೀಗೇ.

ಧಾತು ಉದ್ದವಿದ್ದರೆ ಅದರ ಯಾವ ಸಿಲಬಲ್? ಇದಕ್ಕೆ ಸುಲಭದ ಸೂತ್ರವಿಲ್ಲ. ಅಬಿತಾರೆ, ಇನ್ವಿತಾರೆ (ಆಹ್ವಾನಿಸು) ಎರಡೂ ಮೂಲರೂಪದಲ್ಲಿ ಒಂದೇ ಥರ ಕೇಳಿಸುತ್ತವೆ. ಆದರೆ ‘ನಾನು’ ರೂಪದಲ್ಲಿ ಒಂದಕ್ಕೆ ‘ಅ’ ಮೇಲೆ ಒತ್ತು, ಇನ್ನೊಂದಕ್ಕೆ ‘ವಿ’ ಮೇಲೆ. ಹೊಸ ಕ್ರಿಯಾಪದ ಕಲಿಯುವಾಗಲೇ ನಿಘಂಟಿನಲ್ಲಿ ‘ನಾನು’ ರೂಪ ನೋಡಿಕೊಳ್ಳಿ. ಸುಮ್ನೆ ಊಹಿಸಿದರೆ ಎಡವಟ್ಟಾಗುತ್ತದೆ.

ಕಪಿತೊ ನೋಡಿ. ಒತ್ತು ‘ಕ’ ಮೇಲಿದ್ದರೆ ‘ಎಲ್ಲೋ ಹೋಗಿ ಸೇರುತ್ತೇನೆ’. ‘ಪಿ’ ಮೇಲಿದ್ದರೆ ‘ಅರ್ಥವಾಯಿತು’. ‘ತೊ’ ಮೇಲಿದ್ದರೆ ‘ನಡೆಯಿತು’. ಬರೆಯುವಾಗ ಗುರುತು ಹಾಕುವುದು ಕೊನೆಯದಕ್ಕೆ ಮಾತ್ರ. ಮೊದಲೆರಡನ್ನು ಸಂದರ್ಭ ನೋಡಿಯೇ ಓದಬೇಕು. ಇಲ್ಲಿ ನಮ್ಮವರು ಎಡವುವ ಜಾಗ ಇನ್ನೊಂದಿದೆ: ಒತ್ತು ಅಂದ ಕೂಡಲೇ ‘ಕಪಿತೋ’ ಎಂದು ಎಳೆಯುತ್ತಾರೆ. ಪದದ ಕೊನೆಯ ಸ್ವರ ಒತ್ತಿದ್ದರೂ ಹ್ರಸ್ವವೇ. ಜೋರಾಗಿ ಹೇಳಿ, ಅಲ್ಲೇ ನಿಲ್ಲಿಸಿ.

ಆಜ್ಞೆಯ ರೂಪಕ್ಕೆ ಸರ್ವನಾಮ ಅಂಟಿದಾಗಲೂ ಒತ್ತು ಕದಲುವುದಿಲ್ಲ. ‘ತೆಲೆಫೊನ’ (ಫೋನ್ ಮಾಡು) ಪದಕ್ಕೆ ‘ಮಿ’ (ನನಗೆ) ಸೇರಿದರೆ ತೆ-ಲೆ-ಫೊ-ನ-ಮಿ, ಒತ್ತು ‘ಲೆ’ ಮೇಲೇ. ‘ಅದನ್ನು ನನಗೆ ಆರ್ಡರ್ ಮಾಡು’ ಅನ್ನಬೇಕಾ? ಒರ್-ದಿ-ನ-ಮೆ-ಲೊ. ‘ಒರ್’ ಮೇಲೆ ಒತ್ತಿ, ಉಳಿದ ನಾಲ್ಕನ್ನು ಬೇಗ ಹೇಳಿ ಮುಗಿಸಿ.