ದೂರದ ಸರ್ವರ್‌ನಲ್ಲಿರುವ ಕಡತವನ್ನು ಎದುರಿನ ಪ್ರಿಂಟರ್‌ನಲ್ಲಿ ಮುದ್ರಿಸುವ ಬಗೆ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಆಲ್ದೂರು ಕಡೆಯ ಕೆಲವು ಕಾಫಿ ತೋಟಗಳ ಕಂಪ್ಯೂಟರ್ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ. ಈ ತೋಟಗಳ ಚೆಕ್‌ರೋಲ್ ಎಂಬ ಹಾಜರಿ ಪುಸ್ತಕ, ಕೂಲಿಯ ಬಟವಾಡೆ ಪಟ್ಟಿ, ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಕಾಫಿ) ಮತ್ತು ಚೆರಿ (ಹಣ್ಣಾಗಿಯೇ ಒಣಗಿಸಿದ ಕಾಫಿ) ಮೂಟೆಗಳ ಲೆಕ್ಕ ಇವೆಲ್ಲ ಬೆಂಗಳೂರಿನಲ್ಲಿರುವ ಲಿನಕ್ಸ್ ಸರ್ವರ್ ಒಂದರಲ್ಲಿವೆ. ತೋಟದ ರೈಟರು, ಅಂದರೆ ಗುಮಾಸ್ತರು, ಪುಟ್ಟಿ ಎಂಬ ಟರ್ಮಿನಲ್ ತಂತ್ರಾಂಶದ ಮೂಲಕ ಅಲ್ಲಿಗೆ ಲಾಗಿನ್ ಆಗಿ ಕೆಲಸ ಮಾಡುತ್ತಾರೆ. ಸಂತೆಯ ಹಿಂದಿನ ದಿನ ಬಟವಾಡೆ ಪಟ್ಟಿ ಕಾಗದದ ಮೇಲೆ ಬರಲೇಬೇಕು, ಏಕೆಂದರೆ ಕೆಲಸದವರು ಅದರ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಯೇ ಹಣ ಪಡೆಯುತ್ತಾರೆ. ಆದರೆ ಪರದೆಯ ಮೇಲೆ ಕಾಣುತ್ತಿರುವ ಕಡತಕ್ಕೆ ಮುದ್ರಣದ ಆಜ್ಞೆ ಕೊಟ್ಟರೆ ಅದು ಬೆಂಗಳೂರಿನ ಕಚೇರಿಯ ಪ್ರಿಂಟರ್‌ಗೆ ಹೋಗುತ್ತದೆ, ಇಲ್ಲವೇ ಪ್ರಿಂಟರ್ ಇಲ್ಲ ಎಂಬ ಉತ್ತರ ಬರುತ್ತದೆ. ಮೇಜಿನ ಮೇಲಿರುವ ಡಾಟ್ ಮ್ಯಾಟ್ರಿಕ್ಸ್ ಮಾತ್ರ ಸುಮ್ಮನಿರುತ್ತದೆ.

ಇದರ ಕಾರಣವನ್ನು ಮೊದಲು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ. ಟರ್ಮಿನಲ್‌ನಲ್ಲಿ ನಾವು ಟೈಪ್ ಮಾಡುವ ಆಜ್ಞೆ ನಡೆಯುವುದು ಸರ್ವರ್‌ನಲ್ಲಿ. ಸರ್ವರ್‌ಗೆ ಗೊತ್ತಿರುವುದು ತನ್ನ ಬಳಿಯ ಪ್ರಿಂಟರ್‌ಗಳು ಮಾತ್ರ. ತೋಟದ ಕಂಪ್ಯೂಟರ್ ರೂಟರ್‌ನ ಹಿಂದೆ ಇರುವುದರಿಂದ ಸರ್ವರ್ ತಾನಾಗಿ ಅದನ್ನು ಹುಡುಕಿಕೊಂಡು ಬರಲಾರದು. ಹಾಗಾಗಿ ಸರ್ವರ್‌ನಲ್ಲಿ ಹೊಸ ಪ್ರಿಂಟರ್ ಸೇರಿಸಲು ಹೆಣಗುವುದು ವ್ಯರ್ಥ. ನಾವು ಲಾಗಿನ್ ಆದಾಗ ತೆರೆದುಕೊಂಡ ಸಂಪರ್ಕ ಹೇಗೂ ಇದೆ. ಕಡತ ಅದೇ ದಾರಿಯಲ್ಲಿ ಇಲ್ಲಿಗೆ ಬರುವಂತೆ ಮಾಡುವುದೇ ಸರಿಯಾದ ಉಪಾಯ.

ಆಜ್ಞೆಗಳ ಹೆಸರುಗಳನ್ನು ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಒಂದೊಂದು ಹೆಸರಿನೊಳಗೆ ಜಾಗ ಬಿಡದೆ ಬರೆಯಬೇಕು.

ಸಾದಾ ಪಠ್ಯ ಕಡತಕ್ಕೆ ಅತ್ಯಂತ ಹಳೆಯ ಉಪಾಯವೇ ಇಂದಿಗೂ ಅತ್ಯಂತ ಹಗುರವಾದದ್ದು. ಟರ್ಮಿನಲ್ ಎಂಬುದು ತಂತ್ರಾಂಶವಾಗುವ ಮೊದಲು ಪರದೆ ಮತ್ತು ಕೀಲಿಮಣೆ ಇರುವ ಒಂದು ಯಂತ್ರವಾಗಿತ್ತು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪನಿ 1983ರಲ್ಲಿ ಹೊರತಂದ ವಿಟಿ220ರಂತಹ ಯಂತ್ರದ ಹಿಂಬದಿಯಲ್ಲಿ ಪ್ರಿಂಟರ್ ಜೋಡಿಸಲು ಪ್ರತ್ಯೇಕ ಕಿಂಡಿಯೇ ಇತ್ತು. ದೂರದ ಕಂಪ್ಯೂಟರ್ ಒಂದು ಗುಪ್ತ ಸಂಕೇತವನ್ನು ಕಳುಹಿಸಿದರೆ, ಆಮೇಲೆ ಬರುವ ಅಕ್ಷರಗಳನ್ನು ಯಂತ್ರವು ಪರದೆಗೆ ಹಾಕದೆ ನೇರವಾಗಿ ಪ್ರಿಂಟರ್‌ಗೆ ದಾಟಿಸುತ್ತಿತ್ತು. ಇನ್ನೊಂದು ಸಂಕೇತ ಬಂದಾಗ ಮತ್ತೆ ಪರದೆಗೆ ಮರಳುತ್ತಿತ್ತು. ಮೊದಲನೆಯದು ಎಸ್ಕೇಪ್ ಅಕ್ಷರ, ಎಡ ಚೌಕಾವರಣ, 5 ಮತ್ತು ಸಣ್ಣ ಐ. ಎರಡನೆಯದರಲ್ಲಿ 5ರ ಬದಲು 4 ಇರುತ್ತದೆ. ಆ ಯಂತ್ರಗಳು ಹೋದರೂ ಸಂಕೇತಗಳು ಉಳಿದಿವೆ. ಪುಟ್ಟಿ ಮತ್ತು ಲಿನಕ್ಸ್‌ನ ಟರ್ಮಿನಲ್ ತಂತ್ರಾಂಶವಾದ ಎಕ್ಸ್‌ಟರ್ಮ್ ಎರಡೂ ಅವನ್ನು ಅರ್ಥ ಮಾಡಿಕೊಳ್ಳುತ್ತವೆ.

ಪುಟ್ಟಿಯಲ್ಲಿ ಈ ಸೌಲಭ್ಯವು ಆರಂಭದಲ್ಲಿ ಮುಚ್ಚಿರುತ್ತದೆ. ಸೆಷನ್ ತೆರೆಯುವ ಮೊದಲು ಎಡಗಡೆಯ ಪಟ್ಟಿಯಲ್ಲಿ ಟರ್ಮಿನಲ್ ಎಂಬುದನ್ನು ಒತ್ತಿದರೆ, ಪುಟದ ಕೆಳಭಾಗದಲ್ಲಿ ಆನ್ಸಿ ಪ್ರಿಂಟರ್ ಔಟ್‌ಪುಟ್ (ಮೇಲೆ ಹೇಳಿದ ಸಂಕೇತದಿಂದ ಬರುವ ಮುದ್ರಣ) ಯಾವ ಪ್ರಿಂಟರ್‌ಗೆ ಹೋಗಬೇಕೆಂದು ಕೇಳುವ ಒಂದು ಚೌಕ ಕಾಣುತ್ತದೆ. ಅದರಲ್ಲಿ ತೋಟದ ಪ್ರಿಂಟರ್‌ನ ಹೆಸರನ್ನು ಆರಿಸಿ, ಮತ್ತೆ ಸೆಷನ್ ಪುಟಕ್ಕೆ ಬಂದು ಸೇವ್ ಮಾಡಬೇಕು. ಸೇವ್ ಮಾಡದಿದ್ದರೆ ಮುಂದಿನ ವಾರ ರೈಟರು ಮತ್ತೆ ಫೋನ್ ಮಾಡುತ್ತಾರೆ. ಈ ಬದಲಾವಣೆಯನ್ನು ನೀವು ನಂಬುವ ಆ ಒಂದು ಸರ್ವರ್‌ನ ಸೆಷನ್‌ಗೆ ಮಾತ್ರ ಮಾಡಿ, ಎಲ್ಲ ಸೆಷನ್‌ಗಳಿಗೂ ಅನ್ವಯಿಸುವ ಡೀಫಾಲ್ಟ್ ಸೆಟ್ಟಿಂಗ್ಸ್‌ನಲ್ಲಿ ಮಾಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಅಪರಿಚಿತ ಕಡತದೊಳಗೆ ಯಾರಾದರೂ ಆ ಸಂಕೇತವನ್ನು ಹುದುಗಿಸಿಟ್ಟಿದ್ದರೆ, ಅದನ್ನು ತೆರೆದು ನೋಡಿದ ಮಾತ್ರಕ್ಕೇ ನಿಮ್ಮ ಪ್ರಿಂಟರ್ ಓಡತೊಡಗುತ್ತದೆ.

ಸರ್ವರ್‌ನ ಕಡೆಯಲ್ಲಿ ಸಂಕೇತವನ್ನು ಅಕ್ಷರ ಅಕ್ಷರವಾಗಿ ಬರೆಯುವ ಅಗತ್ಯವಿಲ್ಲ. ಟಿಪುಟ್ (ಟಿ, ಪಿ, ಯು, ಟಿ ಎಂಬ ನಾಲ್ಕು ಅಕ್ಷರ) ಎಂಬ ಆಜ್ಞೆಗೆ ಎಂಸಿ5 ಎಂದು ಕೊಟ್ಟರೆ ಮುದ್ರಣ ಆರಂಭದ ಸಂಕೇತವೂ ಎಂಸಿ4 ಎಂದು ಕೊಟ್ಟರೆ ಮುಕ್ತಾಯದ ಸಂಕೇತವೂ ಹೊರಡುತ್ತವೆ. ಇವೆರಡರ ನಡುವೆ, ಕಡತದಲ್ಲಿರುವುದನ್ನು ಹಾಗೆಯೇ ಹೊರಹಾಕುವ ಕ್ಯಾಟ್ ಆಜ್ಞೆಯಿಂದ ಕಡತವನ್ನು ಸುರಿಯಬೇಕು. ಮೂರನ್ನೂ ಅರ್ಧವಿರಾಮ ಚಿಹ್ನೆಯಿಂದ (;) ಬೇರ್ಪಡಿಸಿ ಒಂದೇ ಸಾಲಿನಲ್ಲಿ ಬರೆಯುವುದು ಕಡ್ಡಾಯ. ಮೊದಲನೆಯದನ್ನು ಮಾತ್ರ ಬರೆದು ಎಂಟರ್ ಒತ್ತಿದರೆ ಆಮೇಲೆ ನೀವು ಟೈಪ್ ಮಾಡುವ ಪ್ರತಿ ಅಕ್ಷರವೂ ಪ್ರಿಂಟರ್‌ಗೆ ಹೋಗುತ್ತದೆ, ಪರದೆ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ. ನಾನು ಈ ಕೆಲಸ ಕಲಿಯುತ್ತಿದ್ದಾಗ ಹೀಗೇ ಆಯಿತು: ಕಂಪ್ಯೂಟರ್ ಕೆಟ್ಟಿದೆಯೆಂದು ಭಾವಿಸಿ ಒತ್ತಿದ ಕೀಲಿಗಳೆಲ್ಲ ಬಟವಾಡೆ ಪಟ್ಟಿಯ ಕೆಳಗೆ ಅಚ್ಚಾದವು. ಅಂಥ ಹೊತ್ತಿನಲ್ಲಿ ಗಾಬರಿಯಾಗದೆ, ಏನೂ ಕಾಣದಿದ್ದರೂ ಟಿಪುಟ್ ಎಂಸಿ4 ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಪರದೆಗೆ ಜೀವ ಬರುತ್ತದೆ.

ವಾರವಾರವೂ ಇದೇ ಕೆಲಸವಿದ್ದರೆ ಆ ಸಾಲನ್ನು ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ (ಆಜ್ಞೆಗಳನ್ನು ಬರೆದಿಟ್ಟ ಕಡತ) ಆಗಿ ಬರೆದಿಟ್ಟು, ಅದಕ್ಕೆ ನೆನಪಿನಲ್ಲಿ ಉಳಿಯುವ ಹೆಸರು ಕೊಡಿ. ಸ್ಕ್ರಿಪ್ಟ್‌ನ ಮೊದಲಿಗೇ ಟ್ರ್ಯಾಪ್ ಆಜ್ಞೆಯ ಮೂಲಕ, ಯಾವ ಕಾರಣಕ್ಕೆ ನಿಂತರೂ ಎಂಸಿ4 ಹೊರಡುವಂತೆ ಮಾಡಿದರೆ, ರೈಟರು ಅರ್ಧದಲ್ಲಿ ಕಂಟ್ರೋಲ್ ಸಿ ಒತ್ತಿದಾಗಲೂ ಟರ್ಮಿನಲ್ ಸಿಕ್ಕಿಕೊಳ್ಳುವುದಿಲ್ಲ. ಒಂದೇ ಟರ್ಮಿನಲ್ ಅನ್ನು ಹಲವು ಕಿಟಕಿಗಳಾಗಿ ಬಳಸಲು ಬಿಡುವ ಟಿಮಕ್ಸ್ ತಂತ್ರಾಂಶದ ಒಳಗೆ ಕೆಲಸ ಮಾಡುವವರು ಮುದ್ರಿಸುವ ಮೊದಲು ಅದರಿಂದ ಹೊರಗೆ ಬರಬೇಕು, ಇಲ್ಲದಿದ್ದರೆ ಸಂಕೇತ ಹೊರಗಿನ ಟರ್ಮಿನಲ್‌ಗೆ ತಲುಪುವುದಿಲ್ಲ. ತೋಟದಲ್ಲೂ ಲಿನಕ್ಸ್ ಇದ್ದು ಎಕ್ಸ್‌ಟರ್ಮ್ ಬಳಸುವವರು ಅದರ ಪ್ರಿಂಟರ್‌ಕಮಾಂಡ್ ಎಂಬ ಸೆಟ್ಟಿಂಗ್‌ಗೆ ಮುದ್ರಣದ ಆಜ್ಞೆಯಾದ ಎಲ್‌ಪಿಆರ್ ಎಂದು ಬೆಲೆ ಕೊಟ್ಟರೆ ಸಾಕು.

ಈ ಉಪಾಯದಲ್ಲಿ ಪುಟ್ಟಿಯು ಅಕ್ಷರಗಳನ್ನು ಬಂದ ಹಾಗೆಯೇ ಪ್ರಿಂಟರ್‌ಗೆ ತಳ್ಳುತ್ತದೆ, ವಿಂಡೋಸ್‌ನ ಡ್ರೈವರ್ ಅವುಗಳಿಗೆ ರೂಪ ಕೊಡುವುದಿಲ್ಲ. ಡಾಟ್ ಮ್ಯಾಟ್ರಿಕ್ಸ್ ಇಂಥ ಸಾದಾ ಅಕ್ಷರಗಳಿಗಾಗಿಯೇ ಹುಟ್ಟಿದ ಯಂತ್ರವಾದ್ದರಿಂದ ಅದು ಒಪ್ಪಿಕೊಳ್ಳುತ್ತದೆ; ಪುಟದ ಚಿತ್ರವನ್ನು ಕಂಪ್ಯೂಟರ್‌ನಲ್ಲೇ ಸಿದ್ಧಪಡಿಸಿಕೊಡಬೇಕಾದ ಅಗ್ಗದ ಲೇಸರ್ ಮತ್ತು ಇಂಕ್‌ಜೆಟ್ ಪ್ರಿಂಟರ್‌ಗಳು ಏನನ್ನೂ ಮುದ್ರಿಸದಿರಬಹುದು. ಪ್ರಿಂಟರ್ ಕೆಟ್ಟಿದೆಯೆಂದು ಅದನ್ನು ಹಾಸನಕ್ಕೋ ಚಿಕ್ಕಮಗಳೂರಿಗೋ ರಿಪೇರಿಗೆ ಹೊತ್ತು ತರುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಹಾಳೆಯ ಅಳತೆಯಲ್ಲಿ ಎಡವುವವರು ಬಹಳ ಮಂದಿ. ಅಂಗುಲಕ್ಕೆ 6 ಸಾಲಿನಂತೆ 11 ಅಂಗುಲದ ಹಾಳೆಗೆ 66 ಸಾಲು ಹಿಡಿಯುತ್ತದೆ, ಮತ್ತು ಕ್ಯಾಟ್‌ನ ಬದಲು ಬಳಸಬಹುದಾದ, ಪುಟ ವಿಂಗಡಿಸುವ ಪಿಆರ್ ಎಂಬ ಆಜ್ಞೆ ಆ 66ನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ನಾವು ಕೊಳ್ಳುವ, ಎರಡೂ ಅಂಚಿನಲ್ಲಿ ತೂತುಗಳಿದ್ದು ಒಂದಕ್ಕೊಂದು ಅಂಟಿಕೊಂಡಿರುವ ಕಾಗದದ ಪ್ರತಿ ಹಾಳೆಯ ಉದ್ದ 12 ಅಂಗುಲವಾಗಿದ್ದರೆ 72 ಸಾಲು ಬೇಕು. ಪಿಆರ್‌ಗೆ ಸಣ್ಣ ಎಲ್ ಆಯ್ಕೆಯ ಮೂಲಕ 72 ಎಂದು ತಿಳಿಸದಿದ್ದರೆ ಪ್ರತಿ ಪುಟದಲ್ಲೂ 6 ಸಾಲು ಮೇಲೇರಿ, ಕೆಲವೇ ಪುಟಗಳಲ್ಲಿ ಶೀರ್ಷಿಕೆ ಹಾಳೆಯ ನಡುವಿಗೆ ಬಂದು ನಿಲ್ಲುತ್ತದೆ. ಪ್ರಿಂಟರ್‌ನೊಳಗಿನ ಪುಟದ ಉದ್ದವೂ ಇದಕ್ಕೆ ಹೊಂದಿಕೆಯಾಗಿರಬೇಕು. ಕೊನೆಯಲ್ಲಿ ಫಾರ್ಮ್ ಫೀಡ್ ಅಕ್ಷರವನ್ನು ಕಳುಹಿಸಿದರೆ ಕಡೆಯ ಹಾಳೆ ಪೂರ್ತಿಯಾಗಿ ಹೊರಗೆ ಬರುತ್ತದೆ. ಏಳು ದಿನದ ಹಾಜರಿ, ಮುಂಗಡ, ಕಡಿತ ಎಲ್ಲವೂ ಇರುವ ಅಗಲವಾದ ಪಟ್ಟಿಯಾದರೆ, ಎಪ್ಸನ್ ಮಾದರಿಯ ಪ್ರಿಂಟರ್‌ಗಳಿಗೆ 15ನೆಯ ಸಂಖ್ಯೆಯ ನಿಯಂತ್ರಣ ಅಕ್ಷರವನ್ನು ಮೊದಲು ಕಳುಹಿಸಿ ಅಕ್ಷರಗಳನ್ನು ಕಿರಿದಾಗಿಸಬಹುದು. 18ನೆಯದು ಮತ್ತೆ ಮೊದಲಿನ ಗಾತ್ರಕ್ಕೆ ತರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಕಡತಕ್ಕೆ ಮಾತ್ರ ಸಲ್ಲುತ್ತದೆ. ಕೆಲಸದವರ ಹೆಸರು ಕನ್ನಡದಲ್ಲಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ತಾನು ಯಾವುದಕ್ಕೆ ಸಹಿ ಹಾಕುತ್ತಿದ್ದೇನೆಂದು ಓದಿ ತಿಳಿಯುವ ಹಕ್ಕು ಅವರದು. ಆದರೆ ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತವೂ 3 ಬೈಟ್‌ಗಳಾಗಿರುತ್ತದೆ. ಡಾಟ್ ಮ್ಯಾಟ್ರಿಕ್ಸ್‌ನೊಳಗಿನ ಅಚ್ಚುಗಳಲ್ಲಿ ಕನ್ನಡವಿಲ್ಲದ ಕಾರಣ ಅದು ಒಂದೊಂದು ಬೈಟನ್ನೂ ಒಂದೊಂದು ವಿಚಿತ್ರ ಚಿಹ್ನೆಯಾಗಿ ಮುದ್ರಿಸುತ್ತದೆ. 2010ರಲ್ಲಿ ಅಂಗೀಕಾರವಾದ ರೂಪಾಯಿ ಚಿಹ್ನೆಯ ಪಾಡೂ ಇದೇ. ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸುವ ಕೆಲಸ ತಂತ್ರಾಂಶದಿಂದಲೇ ಆಗಬೇಕು. ಆದ್ದರಿಂದ ಕನ್ನಡ ಕಡತವನ್ನು ಸರ್ವರ್‌ನಲ್ಲೇ ಲಿಬ್ರೆಆಫೀಸ್‌ನ ಮೂಲಕ ಪಿಡಿಎಫ್ ಮಾಡಿಕೊಳ್ಳಿ. ಪರದೆ ತೆರೆಯದೆಯೇ ಪರಿವರ್ತಿಸುವ ಹೆಡ್‌ಲೆಸ್ ಎಂಬ ಆಯ್ಕೆ ಅದಕ್ಕಿದೆ. ನೋಟೋ ಸಾನ್ಸ್ ಕನ್ನಡದಂತಹ ಫಾಂಟ್ ಸರ್ವರ್‌ನಲ್ಲಿರಬೇಕು. ಆಮೇಲೆ ಅಕ್ಷರರೂಪ ಪಿಡಿಎಫ್‌ನೊಳಗೇ ಕುಳಿತುಬರುವುದರಿಂದ ತೋಟದ ಕಂಪ್ಯೂಟರ್‌ನಲ್ಲಿ ಫಾಂಟ್ ಇಲ್ಲದಿದ್ದರೂ ಚಿಂತೆಯಿಲ್ಲ. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಯುನಿಕೋಡ್ ಅಲ್ಲದ ರೀತಿಯಲ್ಲಿ ಬರೆದ ಕಡತಗಳನ್ನು ಮೊದಲು ಯುನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು.

ಪಿಡಿಎಫ್ ಅನ್ನು ಟರ್ಮಿನಲ್ ಸಂಕೇತದ ದಾರಿಯಲ್ಲಿ ಎಂದೂ ಕಳುಹಿಸಬಾರದು. ಸರ್ವರ್‌ನ ಟರ್ಮಿನಲ್ ವ್ಯವಸ್ಥೆಯು ಪ್ರತಿ ಸಾಲಿನ ಕೊನೆಗೆ ಒಂದು ಹೆಚ್ಚಿನ ಅಕ್ಷರವನ್ನು ಸೇರಿಸುತ್ತದೆ. ಪಠ್ಯಕ್ಕೆ ಅದರಿಂದ ಉಪಕಾರವೇ ಆಗುತ್ತದೆ, ಏಕೆಂದರೆ ಅದಿಲ್ಲದಿದ್ದರೆ ಸಾಲುಗಳು ಮೆಟ್ಟಿಲಿನಂತೆ ಬಲಕ್ಕೆ ಜಾರುತ್ತವೆ; ಪಿಡಿಎಫ್ ಮಾತ್ರ ಕೆಟ್ಟುಹೋಗುತ್ತದೆ. ಅದನ್ನು ಮೊದಲು ಇಲ್ಲಿಗೆ ತರಿಸಿಕೊಂಡು ಆಮೇಲೆ ಮುದ್ರಿಸಬೇಕು. ವಿಂಡೋಸ್‌ನಲ್ಲಿ ಪುಟ್ಟಿಯ ಜೊತೆಗೇ ಬರುವ, ಕಡತ ತರಿಸಿಕೊಳ್ಳುವ ಪಿಎಸ್‌ಸಿಪಿ ಸಾಕು. ತೋಟದ ಕಂಪ್ಯೂಟರ್ ಲಿನಕ್ಸ್ ಆಗಿದ್ದರೆ ಉಳಿಸಿಕೊಳ್ಳುವ ಅಗತ್ಯವೂ ಇಲ್ಲ: ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಆಜ್ಞೆಯ ಮೂಲಕ ಸರ್ವರ್‌ನಲ್ಲಿ ಕ್ಯಾಟ್ ನಡೆಸಿ, ಬಂದದ್ದನ್ನು ನಿಲುಗೆರೆಯ (|) ಮೂಲಕ ಇಲ್ಲಿನ ಮುದ್ರಣದ ಆಜ್ಞೆಯಾದ ಎಲ್‌ಪಿಗೆ ದಾಟಿಸಿದರೆ ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಆದರೂ ಮುಂಗಾರಿನ ತಿಂಗಳುಗಳಲ್ಲಿ ಸಂಪರ್ಕ ಪದೇ ಪದೇ ಕಡಿಯುವ ಮಲೆನಾಡಿನಲ್ಲಿ, ಕಡತವನ್ನು ಮೊದಲು ಪೂರ್ತಿಯಾಗಿ ತರಿಸಿ ಗಾತ್ರ ತಾಳೆ ನೋಡಿ ಆಮೇಲೆ ಮುದ್ರಿಸುವುದನ್ನೇ ನಾನು ಹೇಳಿಕೊಡುತ್ತೇನೆ. ಅರ್ಧ ಮುದ್ರಿತವಾದ ಬಟವಾಡೆ ಪಟ್ಟಿಯಲ್ಲಿ ಕೊನೆಯ ಹೆಸರುಗಳು ಬಿಟ್ಟುಹೋದರೆ ಆ ಕುಟುಂಬಗಳ ಸಂತೆ ತಪ್ಪುತ್ತದೆ.

ರಿಮೋಟ್ ಡೆಸ್ಕ್‌ಟಾಪ್ ಮೂಲಕ ವಿಂಡೋಸ್ ಸರ್ವರ್ ಬಳಸುವವರಿಗೆ ಇಷ್ಟೆಲ್ಲ ಬೇಡ; ಸಂಪರ್ಕಿಸುವ ಮೊದಲು ಲೋಕಲ್ ರಿಸೋರ್ಸಸ್ ಪುಟದಲ್ಲಿ ಪ್ರಿಂಟರ್ಸ್ ಎಂಬುದಕ್ಕೆ ಗುರುತು ಹಾಕಿದರೆ, ಸರ್ವರ್ ತಡೆಹಿಡಿಯದಿದ್ದಲ್ಲಿ, ಇಲ್ಲಿನ ಪ್ರಿಂಟರ್ ಅಲ್ಲಿನ ಪಟ್ಟಿಯಲ್ಲಿ ಕಾಣುತ್ತದೆ.

ಸರ್ವರ್‌ನಲ್ಲಿರುವ ಲೆಕ್ಕದ ತಂತ್ರಾಂಶವೇ ನೇರವಾಗಿ ಮುದ್ರಿಸಬೇಕು ಎಂದಾದರೆ ಎಸ್‌ಎಸ್‌ಎಚ್‌ನ ಹಿಮ್ಮುಖ ಸುರಂಗ, ಅಂದರೆ ಲಾಗಿನ್ ಸಂಪರ್ಕದೊಳಗೇ ಸರ್ವರ್‌ನಿಂದ ಇಲ್ಲಿಗೆ ತೆರೆಯುವ ದಾರಿ, ಉಳಿಯುತ್ತದೆ. ತೋಟದ ಕಂಪ್ಯೂಟರ್ ಲಿನಕ್ಸ್ ಆಗಿದ್ದರೆ ಅದರ ಮುದ್ರಣ ವ್ಯವಸ್ಥೆಯಾದ ಕಪ್ಸ್ 631ನೆಯ ಪೋರ್ಟ್ ಎಂಬ ಸಂಖ್ಯೆಯ ಬಾಗಿಲಲ್ಲಿ ಕಾದಿರುತ್ತದೆ. ಲಾಗಿನ್ ಆಗುವಾಗ ದೊಡ್ಡ ಆರ್ ಆಯ್ಕೆಯೊಂದಿಗೆ, ಸರ್ವರ್‌ನ 6310ನೆಯ ಪೋರ್ಟ್‌ಗೆ ಬಂದದ್ದು ಇಲ್ಲಿನ ಲೋಕಲ್‌ಹೋಸ್ಟ್‌ನ (ಕಂಪ್ಯೂಟರ್ ತನ್ನನ್ನೇ ಕರೆದುಕೊಳ್ಳುವ ಹೆಸರು) 631ಕ್ಕೆ ತಲುಪಲಿ ಎಂದು ಹೇಳಬೇಕು. ಆಮೇಲೆ ಸರ್ವರ್‌ನಲ್ಲಿ ಎಲ್‌ಪಿ ಆಜ್ಞೆಗೆ ಸಣ್ಣ ಎಚ್ ಆಯ್ಕೆಯಲ್ಲಿ ಲೋಕಲ್‌ಹೋಸ್ಟ್ ಮತ್ತು 6310 ಎಂದೂ ಸಣ್ಣ ಡಿ ಆಯ್ಕೆಯಲ್ಲಿ ತೋಟದ ಪ್ರಿಂಟರ್‌ನ ಹೆಸರನ್ನೂ ಕೊಟ್ಟರೆ ಕಾಗದ ಇಲ್ಲಿ ಹೊರಬರುತ್ತದೆ. ಸುರಂಗ ತೆರೆದಿರುವಷ್ಟು ಹೊತ್ತು ಆ ಸರ್ವರ್‌ಗೆ ಲಾಗಿನ್ ಆದ ಬೇರೆಯವರೂ ಅದೇ ಪೋರ್ಟ್‌ನ ಮೂಲಕ ನಿಮ್ಮ ಪ್ರಿಂಟರ್ ಅನ್ನು ಮುಟ್ಟಬಲ್ಲರು. ಹಾಗಾಗಿ ಪಟ್ಟಿ ಕೈಗೆ ಬಂದು, ಹಾಳೆಗಳನ್ನೂ ಕೊನೆಯ ಹೆಸರನ್ನೂ ಎಣಿಸಿ ನೋಡಿದ ಕೂಡಲೇ ಲಾಗೌಟ್ ಆಗಿ ಸುರಂಗವನ್ನು ಮುಚ್ಚಿಬಿಡಿ.