ಮುಂದಿನ ಪಾರ್ಟಿಯ ದಿನ ಇವತ್ತಿನ ಪಾರ್ಟಿಯಲ್ಲೇ ಸಿಗಬೇಕು

ಡಬ್ಬಿ, ಕುರ್ತಿ, ಸೀರೆ, ಕ್ರೀಮು, ಏನನ್ನೇ ಆಗಲಿ ಮನೆ ಪಾರ್ಟಿ ಮಾಡಿ, ಅಂದರೆ ಒಬ್ಬರ ಮನೆಯಲ್ಲಿ ನಾಲ್ಕು ಜನರನ್ನು ಸೇರಿಸಿ ಸಾಮಾನು ತೋರಿಸಿ, ಮಾರುವವರನ್ನು ಕೇಳಿ ನೋಡಿ. ಮೊದಲ ಎರಡು ತಿಂಗಳು ಎಲ್ಲರಿಗೂ ಚೆನ್ನಾಗಿಯೇ ನಡೆಯುತ್ತದೆ. ಅಕ್ಕನ ಮನೆ, ಚಿಕ್ಕಮ್ಮನ ಮನೆ, ಎದುರು ಮನೆ, ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸುವಾಗ ಪರಿಚಯವಾದವರ ಮನೆ. ಮೂರನೇ ತಿಂಗಳಿಗೆ ಡೈರಿ ಖಾಲಿ. ಫೋನ್ ಕೈಗೆತ್ತಿಕೊಂಡು ಯಾರಿಗೆ ಮಾಡೋಣ ಅಂತ ನೋಡಿದರೆ ಎಲ್ಲರನ್ನೂ ಒಂದು ಸಲ ಕೇಳಿ ಆಗಿರುತ್ತದೆ.

ನಾನು ಬೆಂಗಳೂರಿನಲ್ಲಿ ಅಡುಗೆಮನೆ ಡಬ್ಬಿ ಮಾರುತ್ತೇನೆ. ನನಗೂ ಹೀಗೇ ಆಗಿತ್ತು. ಒಂದೇ ಅಪಾರ್ಟ್‌ಮೆಂಟಿನಲ್ಲಿ ಮೂರು ಪಾರ್ಟಿ ಮಾಡಿದೆ. ಮೂರನೆಯದಕ್ಕೆ ಬಂದವರು ಮೊದಲನೆಯದಕ್ಕೆ ಬಂದಿದ್ದ ಅದೇ ಆರು ಜನ. ಅವರ ಮನೆಯಲ್ಲಿ ಡಬ್ಬಿ ಇಡಲು ಜಾಗವೇ ಉಳಿದಿರಲಿಲ್ಲ. ಆಮೇಲೆ ತಿಳಿಯಿತು, ಪರಿಚಯದವರು ಎಷ್ಟೇ ಇದ್ದರೂ ಮುಗಿದುಹೋಗುತ್ತಾರೆ. ಪರಿಚಯದವರ ಪರಿಚಯದವರು ಮುಗಿಯುವುದಿಲ್ಲ. ಬುಕಿಂಗ್, ಅಂದರೆ ತಮ್ಮ ಮನೆಯಲ್ಲಿ ಪಾರ್ಟಿ ಇಟ್ಟುಕೊಳ್ಳಲು ಒಬ್ಬರು ಕೊಡುವ ದಿನ, ಬರಬೇಕಾದ್ದು ಅಲ್ಲಿಂದ.

ಪಾರ್ಟಿಗೆ ಒಂದು ವಾರ ಮೊದಲು

ಯಾರ ಮನೆಯಲ್ಲಿ ಪಾರ್ಟಿಯೋ ಅವರ ಜೊತೆ, ಅಂದರೆ ಹೋಸ್ಟೆಸ್ ಜೊತೆ, ಹತ್ತು ನಿಮಿಷ ಕೂತು ಹೆಸರುಗಳ ಪಟ್ಟಿ ಮಾಡಿ. "ಯಾರ್ಯಾರನ್ನ ಕರೀತೀರಾ?" ಅಂತ ಕೇಳಿದರೆ ಪಕ್ಕದ ಫ್ಲಾಟಿನವರ ಹೆಸರಷ್ಟೇ ಬರುತ್ತದೆ. ಬಿಡಿಬಿಡಿಯಾಗಿ ಕೇಳಿ: "ಭಜನೆ ಮಂಡಳಿಯಲ್ಲಿ ಯಾರಿದ್ದಾರೆ? ಚೀಟಿಯಲ್ಲಿ? ಟೈಲರಿಂಗ್ ಕ್ಲಾಸಿನಲ್ಲಿ? ನಿಮ್ಮ ನಾದಿನಿ ಆಫೀಸಿನವರು?" ಇಪ್ಪತ್ತು ಹೆಸರು ಬರೆದರೆ ಎಂಟು ಹತ್ತು ಜನ ಬರುತ್ತಾರೆ, ನನ್ನ ಅನುಭವ ಇದು. ವಾಟ್ಸಾಪ್ ಗುಂಪಿಗೆ ಮೆಸೇಜ್ ಹಾಕಿ ಸುಮ್ನೆ ಕೂತರೆ ಎಲ್ಲರೂ ಹೆಬ್ಬೆಟ್ಟು ಒತ್ತುತ್ತಾರೆ, ಬರುವವರು ಇಬ್ಬರು. ಒಬ್ಬೊಬ್ಬರಿಗೂ ಫೋನ್ ಮಾಡಲು ಹೇಳಿ.

ಕೈಗೆ ಕೊಡಿ, ಕಣ್ಣಿಟ್ಟು ನೋಡಿ

ಈ ಪಾರ್ಟಿ ಪದ್ಧತಿ ಬೆಳೆದದ್ದೇ ಕೈಗೆ ಕೊಟ್ಟು ತೋರಿಸಿದ್ದರಿಂದ. ಅಮೆರಿಕದಲ್ಲಿ ಅರ್ಲ್ ಟಪ್ಪರ್ 1940ರ ದಶಕದಲ್ಲಿ ಮಾಡಿದ ಡಬ್ಬಿಗಳು ಅಂಗಡಿಯಲ್ಲಿ ಅಷ್ಟಾಗಿ ಖರ್ಚಾಗಲಿಲ್ಲ. ಆ ಮುಚ್ಚಳ ಹೇಗೆ ಹಾಕುವುದು ಅಂತ ಯಾರಾದರೂ ತೋರಿಸಬೇಕಿತ್ತು. ಬ್ರೌನಿ ವೈಸ್ ಅನ್ನುವ ಹೆಣ್ಣುಮಗಳು ಮನೆಗಳಲ್ಲಿ ಹೆಂಗಸರನ್ನು ಸೇರಿಸಿ ತೋರಿಸಿದರು, ಮಾರಾಟ ಹೇಗೆ ಏರಿತೆಂದರೆ 1951ರಲ್ಲಿ ಕಂಪನಿ ಅಂಗಡಿಗಳನ್ನೇ ಬಿಟ್ಟು ಪಾರ್ಟಿಯನ್ನೇ ಹಿಡಿಯಿತು. ಆ ಕಂಪನಿ, ಟಪ್ಪರ್‌ವೇರ್, ನಮ್ಮ ದೇಶಕ್ಕೆ ಬಂದದ್ದು 1996ರಲ್ಲಿ.

ನಾನು ಹೋಸ್ಟೆಸ್ ಮನೆಯದೇ ಮಜ್ಜಿಗೆ ಇಸಿದುಕೊಂಡು ಡಬ್ಬಿಗೆ ಹಾಕುತ್ತೇನೆ. ಮುಚ್ಚಳದ ನಡುವೆ ಹೆಬ್ಬೆರಳಿನಿಂದ ಒತ್ತಿ, ಅಂಚನ್ನು ಒಂದು ಚೂರು ಎತ್ತಿದರೆ ಬುಸ್ ಅಂತ ಗಾಳಿ ಹೊರಗೆ ಹೋಗುತ್ತದೆ. ಮತ್ತೆ ಒತ್ತಿ ಮುಚ್ಚಿ, ಅಲ್ಲಿರುವವರಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವರ ಕೈಗೆ ಕೊಟ್ಟು, "ಬೋರಲು ಹಾಕಿ ನೋಡಿ ಅಕ್ಕ" ಅನ್ನುತ್ತೇನೆ. ಒಂದು ಹನಿಯೂ ಬೀಳುವುದಿಲ್ಲ. ಎಲ್ಲರೂ ನಗುತ್ತಾರೆ, ಮಾತು ಮುಂದಕ್ಕೆ ಹೋಗುತ್ತದೆ, ಆದರೆ ಒಬ್ಬರು ಮಾತ್ರ ಆ ಡಬ್ಬಿಯನ್ನು ಕೆಳಗಿಡದೆ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತಿರುತ್ತಾರೆ. ಅವರನ್ನು ಗುರುತಿಟ್ಟುಕೊಳ್ಳಿ.

ಪಾರ್ಟಿ ಇಟ್ಟುಕೊಂಡದ್ದಕ್ಕೆ, ಸೇಲ್ ನೋಡಿಕೊಂಡು ಹೋಸ್ಟೆಸ್‌ಗೆ ಸಿಗುವ ಗಿಫ್ಟ್ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಮೇಜಿನ ಮೇಲೆಯೇ ಇರಲಿ. ಅದು ಅವರಿಗೆ ಯಾಕೆ ಸಿಗುತ್ತಿದೆ ಅಂತ ಶುರುವಿನಲ್ಲಿ ಒಂದು ಸಲ, ಕೊನೆಯಲ್ಲಿ ಒಂದು ಸಲ ಹೇಳಿ.

ಕೇಳುವುದು ಬಿಲ್ ಬರೆಯುವಾಗ

ಎಲ್ಲರ ಮುಂದೆ "ಯಾರು ಪಾರ್ಟಿ ಇಟ್ಕೋತೀರಾ?" ಅಂತ ಕೇಳಬೇಡಿ. ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಅಷ್ಟಕ್ಕೇ ಮುಗಿಯುತ್ತದೆ. ಬಿಲ್ ಬರೆಯುವಾಗ, ಆಗಲೇ ಗುರುತಿಟ್ಟುಕೊಂಡವರ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿ: "ಆ ದೊಡ್ಡ ಸೆಟ್ಟು ನಿಮಗೆ ಹಿಡಿಸಿದೆ ಅಲ್ವಾ ಅಕ್ಕ? ನಿಮ್ಮ ಮನೇಲಿ ಒಂದು ಸಲ ನಾಲ್ಕು ಜನರನ್ನ ಕರೀರಿ, ಸೇಲ್ ನೋಡ್ಕೊಂಡು ಅದನ್ನ ಗಿಫ್ಟಲ್ಲೇ ತಗೋಬಹುದು. ಬುಧವಾರ ಹನ್ನೊಂದಕ್ಕೆ ಆಗುತ್ತಾ, ಶನಿವಾರ ನಾಲ್ಕಕ್ಕೆ ಆಗುತ್ತಾ?" ಡೈರಿ ತೆರೆದೇ ಇರಲಿ. ಎರಡು ದಿನ ಹೇಳಿದರೆ ಒಂದನ್ನು ಆರಿಸಲು ಸುಲಭ. ದಿನ ಎರಡು ವಾರದ ಒಳಗೇ ಇರಲಿ. ಮುಂದಿನ ತಿಂಗಳು ನೋಡೋಣ ಅಂದದ್ದು ಹೆಚ್ಚಾಗಿ ನಡೆಯುವುದೇ ಇಲ್ಲ.

"ನಮ್ಮನೆ ಚಿಕ್ಕದು" ಅಂದರೆ ಐದು ಜನ ಸಾಕು ಅನ್ನಿ, ನಿಜವಾಗಿಯೂ ಸಾಕು. "ಅತ್ತೆನ ಕೇಳ್ಬೇಕು" ಅಂದರೆ "ಕೇಳಿ ಅಕ್ಕ, ನಾಳೆ ಸಂಜೆ ನಾನೇ ಫೋನ್ ಮಾಡ್ತೀನಿ" ಅನ್ನಿ, ಮರೆಯದೆ ಮಾಡಿ. ಬೇಡ ಅಂದರೆ ಬೇಡ. ಎರಡನೇ ಸಲ ಒತ್ತಾಯ ಮಾಡಿದರೆ ಅವರು ನಿಮ್ಮ ಫೋನ್ ಎತ್ತುವುದನ್ನೇ ಬಿಡುತ್ತಾರೆ.

ಇನ್ನೊಂದು ಮಾತು. ಡಬ್ಬಿ ನೋಡಲು ಬಂದವರಿಗೆ "ನೀವೂ ಬಿಸಿನೆಸ್‌ಗೆ ಸೇರಿ" ಅಂತ ಅಲ್ಲೇ ಗಂಟುಬೀಳಬೇಡಿ. ಬುಕಿಂಗೂ ಹೋಗುತ್ತದೆ, ನಂಬಿಕೆಯೂ ಹೋಗುತ್ತದೆ. ಅಂಗಡಿ ಇಲ್ಲದೆ ನೇರವಾಗಿ ಮಾರುವವರಿಗಾಗಿ ಇರುವ 2021ರ ಡೈರೆಕ್ಟ್ ಸೆಲ್ಲಿಂಗ್ ನಿಯಮಗಳ ಪ್ರಕಾರ ಪಿರಮಿಡ್ ಸ್ಕೀಮ್, ಅಂದರೆ ಹೊಸಬರನ್ನು ಸೇರಿಸುವುದರಿಂದಲೇ ದುಡ್ಡು ಮಾಡುವ ಸ್ಕೀಮ್, ನಡೆಸುವ ಹಾಗಿಲ್ಲ. ಗುರುತಿನ ಚೀಟಿ ಇಲ್ಲದೆ, ಮೊದಲೇ ಹೇಳಿ ಒಪ್ಪಿಗೆ ಪಡೆಯದೆ ಮಾರುವವರು ಯಾರ ಮನೆಗೂ ಹೋಗುವ ಹಾಗಿಲ್ಲ. ಕಾರ್ಡು ಬ್ಯಾಗಿನಲ್ಲೇ ಇಟ್ಟುಕೊಂಡಿರಿ. ಹೊಸ ಮನೆಯಲ್ಲಿ ಅದನ್ನು ತೋರಿಸಿದರೆ ಗೌರವವೂ ಜಾಸ್ತಿ.

ಪಂಚಾಂಗ ನೋಡಿ ದಿನ ಕೊಡಿ

ಮಂಗಳವಾರ, ಶುಕ್ರವಾರ ಮನೆಯಿಂದ ದುಡ್ಡು ಹೊರಗೆ ಕೊಡುವುದಕ್ಕೆ ಎಷ್ಟೋ ಜನರಿಗೆ ಮನಸ್ಸಿರುವುದಿಲ್ಲ. ಆ ದಿನ ಪಾರ್ಟಿ ಇಟ್ಟರೆ ಬಂದವರು ನೋಡಿ, ಕಾಫಿ ಕುಡಿದು ಹೋಗುತ್ತಾರೆ. ಪಿತೃಪಕ್ಷದಲ್ಲಿ ನಾನು ಕೇಳುವುದೇ ಇಲ್ಲ. ಆಷಾಢವನ್ನು ಮಾತ್ರ ಬಿಡಬೇಡಿ. ಮದುವೆ, ಗೃಹಪ್ರವೇಶ ಇಲ್ಲದ್ದರಿಂದ ಶನಿವಾರ ಭಾನುವಾರ ಎಲ್ಲರಿಗೂ ಬಿಡುವು. ಅದೇ ಹೊತ್ತಿಗೆ ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಬಂದವರಿಗೆ ತಾಂಬೂಲದ ಜೊತೆ ಏನು ಕೊಡುವುದು ಅಂತ ಹೆಂಗಸರು ಯೋಚಿಸುತ್ತಿರುತ್ತಾರೆ. ಸಣ್ಣ ಡಬ್ಬಿ ಹನ್ನೆರಡು, ಇಪ್ಪತ್ನಾಲ್ಕರ ಲೆಕ್ಕದಲ್ಲಿ ಹೋಗುವುದು ಆಗಲೇ. ಮೇ ತಿಂಗಳಲ್ಲಿ ಟಿಫಿನ್ ಬಾಕ್ಸು, ನೀರಿನ ಬಾಟಲಿ.

ಸಾಮಾನು ತಲುಪಿಸುವುದೂ ಬುಕಿಂಗೇ

ಒಂದು ಸಲ ನಾನು ಮಾರುತ್ತಿದ್ದ ಕಂಪನಿಯಿಂದ ಸಾಮಾನು ಮೂರು ವಾರ ತಡವಾಯಿತು. ಏನು ಹೇಳುವುದು ಅಂತ ತೋಚದೆ ನಾನು ಫೋನ್ ಎತ್ತಲಿಲ್ಲ. ಆ ಮನೆಯಿಂದ ಬಂದಿದ್ದ ಮೂರು ಬುಕಿಂಗೂ ಹೋದವು. ತಡವಾದದ್ದಕ್ಕೆ ಯಾರೂ ಬೇಜಾರಾಗಿರಲಿಲ್ಲ, ನಾನು ಮಾತಾಡದೇ ಇದ್ದದ್ದಕ್ಕೆ ಆಗಿದ್ದರು. ಈಗ ತಡವಾಗುತ್ತದೆ ಅಂತ ಗೊತ್ತಾದ ದಿನವೇ ಒಬ್ಬೊಬ್ಬರಿಗೂ ಹೇಳುತ್ತೇನೆ. ಸಾಮಾನನ್ನು ಆದಷ್ಟೂ ನಾನೇ ಕೊಂಡುಹೋಗಿ ಕೊಡುತ್ತೇನೆ. ಹದಿನೈದು ದಿನ ಬಿಟ್ಟು "ಮುಚ್ಚಳ ಸರಿಯಾಗಿ ಕೂರುತ್ತಾ?" ಅಂತ ಫೋನ್ ಮಾಡುತ್ತೇನೆ.

ಪಾರ್ಟಿ ಮುಗಿದು ಬ್ಯಾಗು ತುಂಬುವಾಗ ಹೋಸ್ಟೆಸ್‌ಗೆ ಇನ್ನೊಂದು ಪ್ರಶ್ನೆ ಕೇಳುವುದಿದೆ: "ಇವತ್ತು ಯಾರಿಗೆ ಬರೋಕೆ ಆಗ್ಲಿಲ್ಲ?" ಬರದೇ ಇದ್ದವರ ಹೆಸರು ಬರೆದುಕೊಳ್ಳಿ, ಅಷ್ಟು ಕ್ಯಾಟಲಾಗ್ ಹೋಸ್ಟೆಸ್ ಕೈಯಲ್ಲೇ ಬಿಟ್ಟು ಬನ್ನಿ, ಅವರೇ ಒಂದು ಮಾತು ಹೇಳಿದ ಮೇಲೆ ನೀವು ಫೋನ್ ಮಾಡಿ. ಕಳೆದ ವಾರ ಜಯನಗರದ ಒಂದು ಮನೆಯಲ್ಲಿ ನನಗೆ ಇಂಥ ಐದು ಹೆಸರು ಸಿಕ್ಕವು. ಇಬ್ಬರು ದಿನ ಕೊಟ್ಟಿದ್ದಾರೆ, ಒಬ್ಬರದು ಬರುವ ಗುರುವಾರ ಹನ್ನೊಂದೂವರೆಗೆ.