ಕೊಡಗಿಗೆ ವಾಪಸ್ ಬರುವ ತೀರ್ಮಾನ ಹೇಗೆ ಮಾಡಿದೆ

ಮೆಲ್ಬರ್ನ್‌ನಲ್ಲಿ ಇಂಜಿನಿಯರ್ ಆಗಿದ್ದೆ. ಅಲ್ಲಿ ಕೊಡವರು ಸೇರಿದಾಗಲೆಲ್ಲ ಎರಡು ಮಾತು ಬರುತ್ತಿತ್ತು. ನಮಗೆ ಬುಡಕಟ್ಟು ಮಾನ್ಯತೆ ಯಾವಾಗ ಸಿಗುತ್ತದೆ? ಊರಿಗೆ ವಾಪಸ್ ಯಾವಾಗ ಹೋಗುವುದು? ಮೊದಲನೆಯದು ಸಿಗಲಿ, ಎರಡನೆಯದು ಆಮೇಲೆ ನೋಡೋಣ ಎನ್ನುವವರೇ ಜಾಸ್ತಿ. ನಾನು ಕಾಯಲಿಲ್ಲ.

ಮೊದಲು ಪಾಸ್‌ಪೋರ್ಟ್ ವಿಷಯ. ಪಿಆರ್ (ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಇತ್ತು, ಆಸ್ಟ್ರೇಲಿಯಾದ ಪೌರತ್ವ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೆ ಭಾರತದ ಪೌರತ್ವ ಹೋಗುತ್ತದೆ. ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದವರಿಗೆ ಪಿತ್ರಾರ್ಜಿತ ತೋಟ ಬರಬಹುದು. ಆದರೆ ಪಕ್ಕದ ಒಂದು ಎಕರೆ ಕಾಫಿ ತೋಟ ಕೊಳ್ಳುವ ಹಾಗಿಲ್ಲ. ತೋಟ ಮಾಡಬೇಕು ಎನ್ನುವವರು ಇದನ್ನು ಮೊದಲೇ ಯೋಚಿಸಬೇಕು.

ಆಮೇಲೆ ಜಮೀನಿನ ಕಾಗದ. ಇದಕ್ಕೇ ಜಾಸ್ತಿ ಸಮಯ ಹೋಯಿತು. ನಮ್ಮದು ಜಮ್ಮಾ ಬಾಣೆ, ಅಂದರೆ ತಲೆಮಾರುಗಳಿಂದ ಬಂದ ಜಮೀನು. ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಲ್ಲಿ ಇಡೀ ಒಕ್ಕದ (ಮನೆತನದ) ಜಮೀನು. ಪಟ್ಟೇದಾರರು ತೀರಿಹೋಗಿ ವರ್ಷಗಳಾಗಿದ್ದರೂ ಪಹಣಿಯಲ್ಲಿ ಅವರ ಹೆಸರೇ ಇತ್ತು. ಬೆಂಗಳೂರು, ದುಬೈ, ಮೈಸೂರು ಅಂತ ಹರಡಿಹೋದ ದಾಯಾದಿಗಳ ಒಪ್ಪಿಗೆ ಬೇಕಾಯಿತು. ಫೋನಿನಲ್ಲಿ ಆಗದ್ದು ಪುತ್ತರಿ ಎಂಬ ಸುಗ್ಗಿ ಹಬ್ಬಕ್ಕೆ, ಒಕ್ಕದ ಮೂಲ ಮನೆಯಾದ ಐನ್‌ಮನೆಯಲ್ಲಿ ಸೇರಿದಾಗ ಆಯಿತು. ಹಿರಿಯರ ಎದುರು ಕೂತು ಮಾತಾಡಿದರೆ ಜನ ಬೇರೆ ಥರ ಮಾತಾಡುತ್ತಾರೆ, ಅಲ್ವಾ?

ಮೂರನೆಯದಾಗಿ, ರಜೆ ಹಾಕಿ ಮಳೆಗಾಲಕ್ಕೆ ಬಂದು ಇದ್ದೆವು. ಡಿಸೆಂಬರ್‌ನಲ್ಲಿ ಕೊಡಗು ಎಲ್ಲರಿಗೂ ಇಷ್ಟ. ಜುಲೈನಲ್ಲಿ ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಹೋಗುತ್ತದೆ, ಬಟ್ಟೆ ಒಣಗುವುದಿಲ್ಲ. 2018ರ ಆಗಸ್ಟ್‌ನ ಭೂಕುಸಿತ ಕಂಡವರು ಈಗಲೂ ಜೋರು ಮಳೆಗೆ ರಾತ್ರಿ ಎದ್ದು ಕೂರುತ್ತಾರೆ. ಅದನ್ನೆಲ್ಲ ನೋಡಿದ ಮೇಲೂ ಹೆಂಡತಿ ಸರಿ ಎಂದಳು. ನನಗೆ ಅದೇ ದೊಡ್ಡ ಧೈರ್ಯ. ಕಾಫಿ ಒಂದನ್ನೇ ನಂಬಿಲ್ಲ; ಮನೆಯಿಂದಲೇ ಇಂಜಿನಿಯರಿಂಗ್ ಕೆಲಸವನ್ನೂ ಮಾಡುತ್ತೇನೆ.

ಇನ್ನು ಮಾನ್ಯತೆ. ರಾಜ್ಯದ ಪಟ್ಟಿಯಲ್ಲಿ ನಾವು ಹಿಂದುಳಿದ ವರ್ಗ 3ಎ. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಬೇಡಿಕೆ ಹಳೆಯದು. ನಮ್ಮ ಭಾಷೆ ಕೊಡವ ತಕ್ಕ್ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳ ಪಟ್ಟಿಯಲ್ಲಿ ಇಲ್ಲ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳಲು ನಮಗಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಅದು ನಮ್ಮ ಹೆಮ್ಮೆ, ಸರಿ. ಆದರೆ ಭಾಷೆ ಅದರಿಂದ ಉಳಿಯುವುದಿಲ್ಲ. ಮೆಲ್ಬರ್ನ್‌ನಲ್ಲಿ ನನ್ನ ಮಗಳಿಗೆ ತಕ್ಕ್ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಈಗ ಅಜ್ಜಿಯ ಜೊತೆ ಜಗಳವನ್ನೂ ತಕ್ಕ್‌ನಲ್ಲೇ ಆಡುತ್ತಾಳೆ.

ಜನಗಣತಿಯಲ್ಲಿ ನಮ್ಮ ಭಾಷೆಯನ್ನು ತಾಯ್ನುಡಿ ಎಂದು ಬರೆಸಿದವರು 2001ರಲ್ಲಿ ಸುಮಾರು 1.66 ಲಕ್ಷ. 2011ರಲ್ಲಿ 1.14 ಲಕ್ಷ. ಮಾನ್ಯತೆ ಕೇಳಲು ಹೋದಾಗ ಎದುರಿಗೆ ಬರುವುದು ಈ ಸಂಖ್ಯೆಯೇ. ವಿದೇಶದಲ್ಲಿ ನೆಲೆಸಿರುವವರು ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. 2027ರ ಜನಗಣತಿಗೆ ನಾವು ಇಲ್ಲಿರುತ್ತೇವೆ. ಬರಲು ಆಗದ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ಊರಿನ ಮನೆಗೆ ಫೋನ್ ಮಾಡಿ, ತಾಯ್ನುಡಿ ಕೇಳಿದಾಗ ಕೊಡವ ತಕ್ಕ್ ಅಂತಲೇ ಬರೆಸಲು ಹೇಳಿ.